ಎಡಗಿವಿಯಲ್ಲಿ ಭೋರ್ಗರೆತ

1527ರ ಜುಲೈ 6, ಶನಿವಾರ. ಜರ್ಮನಿಯ ವಿಟೆನ್‌ಬರ್ಗ್ ಪಟ್ಟಣದ ಒಂದು ಹಳೆಯ ಮಠದ ಕಟ್ಟಡ. ಹಿಂದೆ ಸನ್ಯಾಸಿಗಳಿದ್ದ ಆ ಕಟ್ಟಡದಲ್ಲಿ ಈಗ ಸಂಸಾರವೊಂದು ನೆಲೆಸಿತ್ತು. ಸಂಜೆ ಊಟಕ್ಕೆಂದು ಸ್ನೇಹಿತ ಯೂಸ್ಟಸ್ ಯೋನಾಸ್ ಹೆಂಡತಿಯೊಡನೆ ಬಂದಿದ್ದ. ಮನೆಯ ಯಜಮಾನ, ಎಡಗಿವಿಯಲ್ಲಿ ಭೋರ್ಗರೆಯುವ ಸದ್ದು ಕೇಳುತ್ತಿದೆ ಎಂದು ಹೇಳಿ ಮಲಗುವ ಕೋಣೆಯತ್ತ ನಡೆದ. ಹೊಸ್ತಿಲು ತಲುಪುವಷ್ಟರಲ್ಲಿ ಮೈಯ ಬಲವೆಲ್ಲ ಸೋರಿಹೋಯಿತು. ನೀರು ಬೇಕು, ಇಲ್ಲದಿದ್ದರೆ ಪ್ರಾಣ ಹೋಗುತ್ತದೆ ಎಂದು ಕೂಗಿಕೊಂಡ. ಯೋನಾಸ್ ಓಡಿಬಂದು ಮುಖಕ್ಕೂ ಬೆನ್ನಿಗೂ ತಣ್ಣೀರು ಸುರಿದ.

ಆ ಯಜಮಾನ ಮಾರ್ಟಿನ್ ಲೂಥರ್. ಯೂರೋಪಿನ ಕ್ರೈಸ್ತ ಜಗತ್ತನ್ನೇ ಅಲುಗಾಡಿಸಿದ ಮನುಷ್ಯನಿಗೆ ಆಗ 43 ವರ್ಷ. ಹೆಂಡತಿ ಕ್ಯಾಥರೀನಾ ಫೊನ್ ಬೋರಾಗೆ 28. ಒಂದು ಕಾಲಕ್ಕೆ ಆಕೆ ಸನ್ಯಾಸಿನಿ. 1523ರಲ್ಲಿ ಕಾನ್ವೆಂಟ್ ಬಿಟ್ಟು ಬಂದವಳು 1525ರಲ್ಲಿ ಅವನನ್ನು ಮದುವೆಯಾಗಿದ್ದಳು. ಮೊದಲ ಮಗು ಹಾನ್ಸ್‌ಗೆ ವರ್ಷ ತುಂಬಿ ಒಂದು ತಿಂಗಳಾಗಿತ್ತಷ್ಟೆ. ಹೊಟ್ಟೆಯಲ್ಲಿ ಇನ್ನೊಂದು ಕೂಸು.

ಮುಂದೇನಾಯಿತೆಂದು ಯೋನಾಸ್ ಬರೆದಿಟ್ಟಿದ್ದಾನೆ. ಪಾದ್ರಿ ಬುಗೆನ್‌ಹಾಗೆನ್ ಕೂಡ ಆ ದಿನದ ಬಗ್ಗೆ ಬರೆದಿದ್ದಾನೆ. ಲೂಥರ್ ಇದೇ ತನ್ನ ಕೊನೆಯ ಗಳಿಗೆ ಎಂದುಕೊಂಡ. ಗಟ್ಟಿಯಾಗಿ ಪ್ರಾರ್ಥಿಸಿದ. ಹೆಂಡತಿಯನ್ನು ಕರೆದು, ದೇವರ ಚಿತ್ತ ಇದ್ದಂತಾಗಲಿ ಎಂದ. ಮಗುವನ್ನು ನೋಡಬೇಕೆಂದ. ಮನೆಯಲ್ಲಿರುವ ಬೆಳ್ಳಿಯ ಬಟ್ಟಲುಗಳ ಹೊರತು ನಿನಗೆ ಕೊಡಲು ನನ್ನಲ್ಲಿ ಏನೂ ಇಲ್ಲ ಎಂದು ಹೇಳಿದ. ಕ್ಯಾಥರೀನಾ ಒಳಗೇ ನಡುಗಿದ್ದಳು, ಆದರೆ ಅದನ್ನು ತೋರಗೊಡಲಿಲ್ಲ. ದೇವರ ಇಷ್ಟ ಅದೇ ಆಗಿದ್ದರೆ ನೀವು ನನ್ನ ಬಳಿ ಇರುವುದಕ್ಕಿಂತ ಆತನ ಬಳಿ ಇರುವುದೇ ಸರಿ. ಆದರೆ ಇದು ನನ್ನ, ನನ್ನ ಮಗುವಿನ ಮಾತಷ್ಟೇ ಅಲ್ಲ, ನಿಮ್ಮನ್ನು ನೆಚ್ಚಿಕೊಂಡ ಎಷ್ಟೋ ಜನರಿದ್ದಾರೆ ಎಂಬ ಅರ್ಥದ ಮಾತಾಡಿದಳು.

ಇಷ್ಟೇ ಆಗಿದ್ದರೆ ಇದು ಭಕ್ತಿಯ ಕಥೆಯಾಗಿ ಉಳಿಯುತ್ತಿತ್ತು. ಆದರೆ ಆ ಮನೆಯಲ್ಲಿ ಪ್ರಾರ್ಥನೆ ನಡೆಯುತ್ತಿದ್ದಾಗಲೇ ವೈದ್ಯನಿಗೂ ಕರೆ ಹೋಗಿತ್ತು. ವಿಶ್ವವಿದ್ಯಾಲಯದ ವೈದ್ಯ ಆಗಸ್ಟಿನ್ ಷುರ್ಫ್ ಬಂದು, ತಣ್ಣಗಾಗಿದ್ದ ಮೈಗೆ ಬಿಸಿ ಶಾಖ ಕೊಡಿಸಿದ. ನಿಧಾನವಾಗಿ ಬೆವರು ಬಂತು, ಚೈತನ್ಯ ಮರಳಿತು. ಮರುದಿನದ ಹೊತ್ತಿಗೆ ಲೂಥರ್ ಚೇತರಿಸಿಕೊಂಡಿದ್ದ.

ಅದು ಯಾವ ಕಾಯಿಲೆ? ಕಿವಿಯ ಭೋರ್ಗರೆತ, ತಲೆಸುತ್ತು, ಇದ್ದಕ್ಕಿದ್ದಂತೆ ಕುಸಿಯುವುದು, ಮತ್ತೆ ಮತ್ತೆ ಮರುಕಳಿಸುವುದು: ಈ ಲಕ್ಷಣಗಳನ್ನು ನೋಡಿ ನಂತರದ ಕಾಲದ ಕೆಲವು ವೈದ್ಯರು ಇದು ಮೆನಿಯೇರ್ ಕಾಯಿಲೆ ಇರಬಹುದೆಂದು ಊಹಿಸಿದ್ದಾರೆ. ಐನೂರು ವರ್ಷದ ಹಿಂದಿನ ರೋಗಿಯ ಕಿವಿಯನ್ನು ಈಗ ಪರೀಕ್ಷಿಸುವಂತಿಲ್ಲ, ಹಾಗಾಗಿ ಇದು ಊಹೆಯೇ. ಆದರೂ ವಿದ್ಯಾರ್ಥಿಗಳು ತಿಳಿಯಬೇಕಾದ ಸಂಗತಿ ಇದರಲ್ಲಿದೆ.

ನಮ್ಮ ಒಳಕಿವಿಗೆ ಎರಡು ಕೆಲಸ. ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಭಾಗ ಶಬ್ದವನ್ನು ಗ್ರಹಿಸುತ್ತದೆ. ಅದಕ್ಕೆ ಅಂಟಿಕೊಂಡಂತೆ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ಅವುಗಳೊಳಗೆ ದ್ರವ ತುಂಬಿದೆ. ತಲೆ ತಿರುಗಿದಾಗ ಈ ದ್ರವ ಹಿಂದೆ ಬೀಳುತ್ತದೆ, ಒಳಗಿನ ಸೂಕ್ಷ್ಮ ಕೂದಲುಗಳು ಬಾಗುತ್ತವೆ, ಮಿದುಳಿಗೆ ಸುದ್ದಿ ಹೋಗುತ್ತದೆ. ಅಂಗಳದಲ್ಲಿ ಗಿರಗಿರನೆ ಸುತ್ತಿ ತಟ್ಟನೆ ನಿಂತ ಮಗುವಿಗೆ ಮನೆಯೆಲ್ಲ ಸುತ್ತಿದಂತೆ ಕಾಣುವುದು ಏಕೆ? ಮೈ ನಿಂತಿದೆ, ದ್ರವ ಇನ್ನೂ ನಿಂತಿಲ್ಲ. ಮೆನಿಯೇರ್ ಕಾಯಿಲೆಯಲ್ಲಿ ಒಳಕಿವಿಯ ಈ ದ್ರವ ಅತಿಯಾಗಿ ತುಂಬಿಕೊಳ್ಳುತ್ತದೆ. ಆಗ ಸುತ್ತದೆಯೇ ಸುತ್ತು, ಕಿವಿಯಲ್ಲಿ ಗುಂಯ್‌ಗುಟ್ಟುವಿಕೆ, ವಾಂತಿ. ಒಂದು ಸಲ ಬಂದರೆ ಇಪ್ಪತ್ತು ನಿಮಿಷದಿಂದ ಕೆಲವು ಗಂಟೆಗಳವರೆಗೂ ಇರಬಹುದು. ಇಂಥ ತಲೆಸುತ್ತಿನ ಮೂಲ ಮಿದುಳಲ್ಲ, ಒಳಕಿವಿ ಎಂದು ಪ್ಯಾರಿಸ್ಸಿನ ಪ್ರಾಸ್ಪರ್ ಮೆನಿಯೇರ್ ತೋರಿಸಿದ್ದು 1861ರಲ್ಲಿ. ಕ್ಯಾಥರೀನಾಳ ಕಾಲಕ್ಕೆ ಇದಾವುದೂ ಗೊತ್ತಿರಲಿಲ್ಲ.

ಇಂದು ನಡುರಾತ್ರಿ ಮನೆಯಲ್ಲಿ ಯಾರಾದರೂ ಹೀಗೆ ಕುಸಿದರೆ? ಕಿವಿಯ ತೊಂದರೆಯೆಂದು ಮನೆಯವರೇ ತೀರ್ಮಾನಿಸಿ ಬೆಳಗಿನ ತನಕ ಕಾಯಬಾರದು. ಪಾರ್ಶ್ವವಾಯುವೂ ತಲೆಸುತ್ತಿನಿಂದ ಶುರುವಾಗಬಹುದು. ಮುಖ ಒಂದು ಕಡೆ ಸೊಟ್ಟಗಾಗಿದೆಯೇ, ಎರಡೂ ಕೈ ಎತ್ತಿದರೆ ಒಂದು ಕೆಳಗೆ ಜಾರುತ್ತದೆಯೇ, ಮಾತು ತೊದಲುತ್ತಿದೆಯೇ ಎಂದು ನೋಡಬೇಕು. ಒಂದಿದ್ದರೂ 108ಕ್ಕೆ ಫೋನ್ ಮಾಡಿ. ತೊಂದರೆ ಶುರುವಾದ ಹೊತ್ತನ್ನು ಗಡಿಯಾರ ನೋಡಿ ಬರೆದಿಡಿ; ಹೆಪ್ಪುಗಟ್ಟಿದ ರಕ್ತ ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ನೀರು ಹಾಕಲೇಬಾರದು, ಅದು ಶ್ವಾಸನಾಳಕ್ಕೆ ಹೋಗುತ್ತದೆ. ಉಸಿರಾಡುತ್ತಿದ್ದರೆ ಮಗ್ಗುಲಾಗಿ ಮಲಗಿಸಿ. ನಮ್ಮಲ್ಲಿ ಸೋಡಾ ಕುಡಿಸುವ, ಈರುಳ್ಳಿ ಮೂಸಿಸುವ ಸಂಭ್ರಮದಲ್ಲೇ ಅರ್ಧ ಗಂಟೆ ಕಳೆದುಹೋಗುವುದುಂಟು!

ಲೂಥರ್ ಮನೆಗೆ ಆ ವರ್ಷ ಇನ್ನೂ ದೊಡ್ಡ ಪರೀಕ್ಷೆ ಕಾದಿತ್ತು. ಆಗಸ್ಟ್‌ನಲ್ಲಿ ಊರಿಗೆ ಪ್ಲೇಗ್ ಬಂತು. ವಿಶ್ವವಿದ್ಯಾಲಯವೇ ಯೇನಾ ಪಟ್ಟಣಕ್ಕೆ ಸ್ಥಳಾಂತರವಾಯಿತು. ಲೂಥರ್ ದಂಪತಿ ಊರು ಬಿಡಲಿಲ್ಲ, ಮನೆಯೇ ಆಸ್ಪತ್ರೆಯಂತಾಯಿತು. ಗರ್ಭಿಣಿ ಕ್ಯಾಥರೀನಾ ಆ ಮನೆಯಲ್ಲೇ ಇದ್ದಳು. ಮಾರಕ ಪ್ಲೇಗಿನಿಂದ ಓಡಿಹೋಗಬಹುದೇ ಎಂಬ ಪ್ರಶ್ನೆಗೆ ಲೂಥರ್ ಆಗ ಒಂದು ಪುಸ್ತಿಕೆಯಲ್ಲಿ ಉತ್ತರ ಬರೆದ. ಪಾದ್ರಿಗಳು, ಊರಿನ ಅಧಿಕಾರಿಗಳು, ತಂದೆತಾಯಿಗಳು ತಮ್ಮನ್ನು ನಂಬಿದವರನ್ನು ಬಿಟ್ಟು ಹೋಗಬಾರದು ಎಂದ. ಜೊತೆಗೇ ಔಷಧ ತೆಗೆದುಕೊಳ್ಳಿ, ಮನೆಗೆ ಧೂಪ ಹಾಕಿ, ನಿಮ್ಮ ಅಗತ್ಯವಿಲ್ಲದ ಕಡೆ ಹೋಗಬೇಡಿ ಎಂದೂ ಹೇಳಿದ. ದೇವರೇ ಕಾಪಾಡಲಿ ಎಂದು ಔಷಧ ಬಿಡುವುದು ನಂಬಿಕೆಯಲ್ಲ, ದೇವರನ್ನು ಪರೀಕ್ಷಿಸಿದಂತೆ ಎಂಬುದು ಆತನ ನಿಲುವು. ಡಿಸೆಂಬರ್ 10ರಂದು ಹೆಣ್ಣು ಮಗು ಹುಟ್ಟಿತು. ಎಲಿಜಬೆತ್ ಎಂದು ಹೆಸರಿಟ್ಟರು. ಎಂಟು ತಿಂಗಳಿಗೇ ಅದು ತೀರಿಕೊಂಡಿತು.

ಮನೆಮದ್ದಿನಲ್ಲಿ ಕ್ಯಾಥರೀನಾಳದು ಪಳಗಿದ ಕೈ, ಆದರೆ ಎಲ್ಲವೂ ಫಲಿಸುತ್ತಿರಲಿಲ್ಲ. 1537ರಲ್ಲಿ ದೂರದ ಶ್ಮಾಲ್ಕಾಲ್ಡನ್‌ನಲ್ಲಿದ್ದಾಗ ಲೂಥರ್‌ಗೆ ಕಲ್ಲು ಅಡ್ಡವಾಗಿ ದಿನಗಟ್ಟಲೆ ಮೂತ್ರ ಕಟ್ಟಿತು. ಸಗಣಿ ಸೇರಿಸಿದ ನಿನ್ನ ಮದ್ದು ಉಪಯೋಗಕ್ಕೆ ಬರಲಿಲ್ಲ ಎಂದು ಹೆಂಡತಿಗೆ ಬರೆದ. ಮನೆಯತ್ತ ಹೊರಟ ಗಾಡಿ ಹಳ್ಳಕೊಳ್ಳದ ದಾರಿಯಲ್ಲಿ ಎತ್ತಿ ಕುಕ್ಕಿತು. ಆ ರಾತ್ರಿಯೇ ತಡೆ ಬಿಟ್ಟುಕೊಂಡಿತು. ಈ ದಂಪತಿಯ ಮಗ ಪೌಲ್ ಮುಂದೆ ವೈದ್ಯನೇ ಆದ.

1546ರ ಫೆಬ್ರವರಿ 18ರ ಬೆಳಗಿನ ಜಾವ ಲೂಥರ್ ತೀರಿಕೊಂಡದ್ದು ಐಸ್ಲೆಬೆನ್‌ನಲ್ಲಿ. ಅದಕ್ಕೆ ಕೆಲವೇ ದಿನ ಮೊದಲು, ನನ್ನ ಬಗ್ಗೆ ಇಷ್ಟೊಂದು ಚಿಂತಿಸಬೇಡ ಎಂದು ಹೆಂಡತಿಯನ್ನು ಛೇಡಿಸಿ ಕಾಗದ ಬರೆದಿದ್ದ. ಕ್ಯಾಥರೀನಾ ವಿಟೆನ್‌ಬರ್ಗ್‌ನಲ್ಲೇ ಇದ್ದಳು. ಹಾಸಿಗೆಯ ಪಕ್ಕದಲ್ಲಿದ್ದವರಲ್ಲಿ ಒಬ್ಬ, ಹತ್ತೊಂಬತ್ತು ವರ್ಷದ ಹಿಂದೆ ತಣ್ಣೀರು ಸುರಿದಿದ್ದ ಅದೇ ಯೋನಾಸ್.