ಪಠ್ಯದಲ್ಲಿ ಒಂದೇ ಸಾಲಿನ ಗ್ರಂಥಿ

ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದ ಸಂತಾನೋತ್ಪತ್ತಿಯ ಅಧ್ಯಾಯದಲ್ಲಿ ಪ್ರಾಸ್ಟೇಟ್ ಗ್ರಂಥಿಯ ಹೆಸರು ಬಂದು ಹೋಗುತ್ತದೆ. ಅದು ವೀರ್ಯಾಣುಗಳ ಜೊತೆಗೆ ಒಂದು ದ್ರವವನ್ನು ಸೇರಿಸುತ್ತದೆ, ಅದರಿಂದ ಅವುಗಳ ಚಲನೆ ಸುಲಭವಾಗುತ್ತದೆ ಎಂಬಷ್ಟೇ ಮಾತು. ಚಿತ್ರ ಬರೆದು ಭಾಗ ಗುರುತಿಸುವಾಗ ವಿದ್ಯಾರ್ಥಿಗಳು ಬಹಳ ಸಲ ಮರೆಯುವ ಹೆಸರೂ ಇದೇ. ಪರೀಕ್ಷೆ ಮುಗಿದ ಮೇಲೆ ಈ ಗ್ರಂಥಿಯನ್ನು ಯಾರೂ ನೆನೆಯುವುದಿಲ್ಲ, ಮನೆಯ ಹಿರಿಯರೊಬ್ಬರಿಗೆ ಅದು ತೊಂದರೆ ಕೊಡುವವರೆಗೆ.

ದ್ವಿತೀಯ ಪಿ.ಯು.ಸಿ. ಓದುತ್ತಿರುವ ವಿದ್ಯಾರ್ಥಿನಿಯೊಬ್ಬಳು ಈ ಅಂಕಣಕ್ಕೆ ಬರೆದ ಪತ್ರ ನನ್ನ ಮುಂದಿದೆ. ಆಕೆಯ ತಂದೆಗೆ ಪ್ರಾಸ್ಟೇಟ್ ಕ್ಯಾನ್ಸರ್ ಎಂದು ಆಪರೇಷನ್ ಆಗಿ, ಮನೆಗೆ ಬಂದು ಐದು ವಾರಗಳಾಗಿವೆ. ಅಪ್ಪ ಕೋಣೆಯಿಂದ ಹೊರಗೆ ಬರುವುದಿಲ್ಲ. ನೆಂಟರು ಬಂದರೆ ಬಾಗಿಲು ಹಾಕಿಕೊಳ್ಳುತ್ತಾರೆ. ಏನಾಗಿದೆಯೆಂದು ಕೇಳಿದರೆ ಅಮ್ಮ, ‘ಅದೆಲ್ಲ ಗಂಡಸರ ಕಾಯಿಲೆ, ನಿನಗ್ಯಾಕೆ? ಹೋಗಿ ಓದಿಕೋ’ ಎನ್ನುತ್ತಾರಂತೆ. ‘ಸರ್, ಅಪ್ಪ ಬದುಕುತ್ತಾರೋ ಇಲ್ಲವೋ, ಅಷ್ಟಾದರೂ ತಿಳಿಸಿ’ ಎಂದು ಪತ್ರ ಮುಗಿಯುತ್ತದೆ.

ಆಕೆಯ ತಂದೆಯ ಸ್ಥಿತಿ ಅವರ ವೈದ್ಯರಿಗೇ ಗೊತ್ತು. ಆದರೆ ಈ ಶಸ್ತ್ರಚಿಕಿತ್ಸೆಯ ನಂತರ ಸಾಮಾನ್ಯವಾಗಿ ಏನಾಗುತ್ತದೆ ಎಂಬುದನ್ನು ಹೇಳಲು ನನಗೆ ಎರಡು ಅರ್ಹತೆಗಳಿವೆ. ನಾನು ವಿಜ್ಞಾನದ ಮೇಷ್ಟ್ರು ಎಂಬುದು ಒಂದು. ಮೂರು ವರ್ಷಗಳ ಹಿಂದೆ, ನನ್ನ 54ನೆಯ ವಯಸ್ಸಿನಲ್ಲಿ, ನನಗೂ ಇದೇ ಶಸ್ತ್ರಚಿಕಿತ್ಸೆ ಆಯಿತು ಎಂಬುದು ಇನ್ನೊಂದು.

ಮೊದಲು ಅಂಗರಚನೆಯನ್ನು ನೋಡೋಣ. ಪ್ರಾಸ್ಟೇಟ್ ಸುಮಾರು ಬೆಟ್ಟದ ನೆಲ್ಲಿಕಾಯಿಯ ಗಾತ್ರದ ಗ್ರಂಥಿ. ಅದು ಮೂತ್ರಕೋಶದ ಬುಡದಲ್ಲಿದೆ. ಮೂತ್ರವನ್ನು ಹೊರಕ್ಕೆ ಒಯ್ಯುವ ನಾಳ, ಮಣಿಯೊಳಗೆ ದಾರ ಪೋಣಿಸಿದಂತೆ, ಈ ಗ್ರಂಥಿಯ ನಡುವೆಯೇ ಹಾದುಹೋಗುತ್ತದೆ. ವಯಸ್ಸಾದಂತೆ ಬಹಳ ಮಂದಿಯಲ್ಲಿ ಗ್ರಂಥಿ ದೊಡ್ಡದಾಗಿ ನಾಳವನ್ನು ಅಮುಕುತ್ತದೆ. ಅಜ್ಜಂದಿರು ರಾತ್ರಿ ನಾಲ್ಕಾರು ಸಲ ಏಳುವುದಕ್ಕೆ ಇದು ಒಂದು ಮುಖ್ಯ ಕಾರಣ. ಈ ದೊಡ್ಡದಾಗುವಿಕೆ ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಬಂದಾಗ ಗ್ರಂಥಿಯ ಕೆಲವು ಜೀವಕೋಶಗಳು ಅಂಕೆ ಮೀರಿ ವಿಭಜನೆಯಾಗುತ್ತವೆ. ಆರಂಭದಲ್ಲಿ ಇದರಿಂದ ಯಾವ ತೊಂದರೆಯೂ ಕಾಣದೆ ಇರಬಹುದು. ಇದು ಅಂಟುರೋಗವಲ್ಲ. ಯಾರ ನಡತೆಗೂ ಸಿಕ್ಕ ಶಿಕ್ಷೆಯೂ ಅಲ್ಲ.

ಕ್ಯಾನ್ಸರ್ ಗ್ರಂಥಿಯೊಳಗೇ ಇರುವಾಗ ಪತ್ತೆಯಾದರೆ ಇಡೀ ಗ್ರಂಥಿಯನ್ನು ತೆಗೆಯುವುದು ಒಂದು ಚಿಕಿತ್ಸೆ. ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಹ್ಯೂ ಹ್ಯಾಂಪ್ಟನ್ ಯಂಗ್ ಎಂಬ ವೈದ್ಯರು 1904ರಲ್ಲಿ ಇದನ್ನು ಮಾಡಿದರು. ವಿಕಿರಣ ಚಿಕಿತ್ಸೆ ಇನ್ನೊಂದು ದಾರಿ. ನಿಧಾನವಾಗಿ ಬೆಳೆಯುವ ಗಡ್ಡೆಯಾದರೆ ಆಗಾಗ ಪರೀಕ್ಷಿಸುತ್ತಾ ಕಾಯುವುದೂ ಉಂಟು. ಬ್ರಿಟನ್ನಿನಲ್ಲಿ 1999ರಿಂದ 2009ರವರೆಗೆ ರೋಗ ಪತ್ತೆಯಾದ 1,643 ಮಂದಿಯನ್ನು ಈ ಮೂರು ಗುಂಪುಗಳಲ್ಲಿ ಹಂಚಿ ಒಂದು ಅಧ್ಯಯನ ನಡೆಯಿತು. ಸುಮಾರು 15 ವರ್ಷಗಳ ನಂತರದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಮೂರೂ ಗುಂಪುಗಳಲ್ಲಿ ಈ ಕ್ಯಾನ್ಸರ್‌ನಿಂದ ಸತ್ತವರು ನೂರಕ್ಕೆ ಸುಮಾರು ಮೂವರು ಮಾತ್ರ. ಗ್ರಂಥಿಯ ಹೊರಗೆ ಹರಡಿದ ರೋಗಕ್ಕೆ ಈ ಲೆಕ್ಕ ಅನ್ವಯಿಸುವುದಿಲ್ಲ. ಆದರೂ ಪತ್ರದ ಕೊನೆಯ ಪ್ರಶ್ನೆಗೆ ಇದರಲ್ಲಿ ದೊಡ್ಡ ಸಮಾಧಾನವಿದೆ. ಬಹಳ ಮಂದಿ ಬದುಕುತ್ತಾರೆ. ಹಾಗೆ ಬದುಕುವಾಗ ಮೊದಲ ಒಂದೆರಡು ವರ್ಷ ಹೇಗಿರುತ್ತದೆ ಎಂಬುದನ್ನು ಮನೆಯವರು ಅರಿತಿರಬೇಕು.

ಮೂತ್ರಕೋಶವನ್ನು ಮನೆಯ ಮೇಲಿನ ನೀರಿನ ತೊಟ್ಟಿ ಎಂದುಕೊಳ್ಳಿ. ಅದರ ಕೆಳಗೆ ಎರಡು ನಲ್ಲಿಗಳಿವೆ. ಮೇಲಿನದು ಅನೈಚ್ಛಿಕ ಸ್ನಾಯುವಿನದು. ನಾವು ನಿದ್ದೆಯಲ್ಲಿದ್ದರೂ ತಾನೇ ಮುಚ್ಚಿಕೊಂಡಿರುತ್ತದೆ. ಕೆಳಗಿನದು ಐಚ್ಛಿಕ ಸ್ನಾಯುವಿನದು. ಪಾಠದ ನಡುವೆ ‘ಸರ್, ಹೊರಗೆ ಹೋಗಲೇ?’ ಎಂದು ಕೇಳಿ, ಮೇಷ್ಟ್ರು ಒಪ್ಪುವವರೆಗೆ ನೀವು ಬಿಗಿಹಿಡಿಯುವುದು ಇದನ್ನೇ. ಪ್ರಾಸ್ಟೇಟ್ ಇರುವುದು ಈ ಎರಡರ ನಡುವೆ. ಅದನ್ನು ತೆಗೆಯುವಾಗ ಮೇಲಿನ ನಲ್ಲಿಯ ಬಹುಭಾಗವೂ ಹೋಗುತ್ತದೆ. ಆಮೇಲೆ ವೈದ್ಯರು ಮೂತ್ರಕೋಶದ ಬಾಯನ್ನು ಕೆಳಗೆ ಉಳಿದ ನಾಳಕ್ಕೆ ಸೇರಿಸಿ ಹೊಲಿಯುತ್ತಾರೆ. ಹೊಲಿಗೆ ಮಾಯುವವರೆಗೆ, ಸಾಮಾನ್ಯವಾಗಿ ಒಂದರಿಂದ ಎರಡು ವಾರ, ಕೆಥೆಟರ್ ಎಂಬ ಮೆದು ಕೊಳವೆಯ ಮೂಲಕ ಮೂತ್ರ ಒಂದು ಚೀಲಕ್ಕೆ ಇಳಿಯುತ್ತದೆ. ಮೂತ್ರ ಸ್ವಲ್ಪ ಕೆಂಪಗೆ ಕಂಡರೆ ಹೆದರಬೇಕಾಗಿಲ್ಲ. ಆದರೆ ರಕ್ತದ ಗರಣೆಗಳು ಬಂದರೆ, ಕೊಳವೆ ಕಟ್ಟಿಕೊಂಡರೆ, ಜ್ವರ ಬಂದರೆ, ಮೀನಖಂಡ ಊದಿ ನೋವಾದರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು.

ಕೊಳವೆ ತೆಗೆದ ದಿನ ಹಬ್ಬವೆಂದು ರೋಗಿ ಎಣಿಸಿರುತ್ತಾನೆ. ನಿಜವಾದ ಪಾಠ ಅಂದೇ ಶುರು. ಎರಡು ನಲ್ಲಿಗಳ ಕೆಲಸ ಈಗ ಕೆಳಗಿನ ಒಂದರ ಮೇಲೆ ಬಿದ್ದಿದೆ. ಅದಕ್ಕೆ ಹಗಲಿರುಳು ದುಡಿದ ಅಭ್ಯಾಸವಿಲ್ಲ. ಎದ್ದರೆ, ಕೆಮ್ಮಿದರೆ, ನಕ್ಕರೆ ಮೂತ್ರ ಸೋರುತ್ತದೆ. ನಾನು ಆಗಲೇ ಹೇಳಿದ ಬ್ರಿಟನ್ನಿನ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಯ ಗುಂಪಿನವರಲ್ಲಿ ಆರು ತಿಂಗಳ ಹೊತ್ತಿಗೆ ಶೇಕಡ 46 ಮಂದಿ ಪ್ಯಾಡ್ ಬಳಸುತ್ತಿದ್ದರು. ಆರು ವರ್ಷಗಳ ಹೊತ್ತಿಗೆ ಅದು ಶೇಕಡ 17ಕ್ಕೆ ಇಳಿದಿತ್ತು. ಐದನೆಯ ವಾರದಲ್ಲಿ ಕೋಣೆ ಸೇರಿಕೊಂಡ ತಂದೆಗೆ ಆಗುತ್ತಿರುವುದು ಏನೋ ವಿಪರೀತವೆಂದು ಭಾವಿಸಬೇಕಾಗಿಲ್ಲ. ಅವರು ದಾರಿಯ ಆರಂಭದಲ್ಲಿದ್ದಾರೆ, ಅಷ್ಟೆ.

ಕೆಳಗಿನ ಸ್ನಾಯುವನ್ನು ಬಲಪಡಿಸಲು ವ್ಯಾಯಾಮವಿದೆ. ಅರ್ನಾಲ್ಡ್ ಕೆಗೆಲ್ ಎಂಬ ಅಮೆರಿಕದ ಸ್ತ್ರೀರೋಗ ತಜ್ಞರು ಹೆರಿಗೆಯಾದ ಹೆಂಗಸರ ಇದೇ ತೊಂದರೆಗೆಂದು 1948ರಲ್ಲಿ ಇದನ್ನು ಪ್ರಕಟಿಸಿದರು. ‘ಗಂಡಸರ ಕಾಯಿಲೆ’ ಎನ್ನುವ ತಾಯಂದಿರು ಇದನ್ನು ಗಮನಿಸಬೇಕು: ಗಂಡನಿಗೆ ಈಗ ಬೇಕಾದ ವಿದ್ಯೆ ಬಾಣಂತಿಯರಿಗಾಗಿ ಹುಟ್ಟಿದ್ದು. ವಾಯು ಹೊರಹೋಗದಂತೆ ತಡೆಯುವಾಗ ಬಿಗಿಯಾಗುವ ಸ್ನಾಯುವನ್ನು ಗುರುತಿಸಿಕೊಂಡು, ಸುಮಾರು ಐದು ಸೆಕೆಂಡು ಬಿಗಿಹಿಡಿದು, ಅಷ್ಟೇ ಹೊತ್ತು ಸಡಿಲ ಬಿಡಬೇಕು. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಹೊಟ್ಟೆಯನ್ನಾಗಲೀ ತೊಡೆಯನ್ನಾಗಲೀ ಬಿಗಿಯಬಾರದು, ಉಸಿರು ಕಟ್ಟಬಾರದು. ಕೊಳವೆ ಇರುವಾಗ ಇದನ್ನು ಮಾಡಬಾರದು. ಯಾವಾಗ ಆರಂಭಿಸಬೇಕೆಂಬುದನ್ನು ವೈದ್ಯರು ಹೇಳುತ್ತಾರೆ.

ಸೋರುತ್ತದೆಯೆಂದು ಹೆದರಿ ನೀರು ಕುಡಿಯುವುದನ್ನೇ ಬಿಡುವವರಿದ್ದಾರೆ. ಅದರಿಂದ ಮೂತ್ರ ಗಾಢವಾಗಿ ಮೂತ್ರಕೋಶವನ್ನು ಕೆರಳಿಸುತ್ತದೆ. ನೀರು ಬೇಕು, ಕಡಿಮೆ ಮಾಡಬೇಕಾದದ್ದು ಕಾಫಿ, ಟೀ. ಮಲಬದ್ಧತೆ ಆಗದಂತೆ ಹಣ್ಣು, ಸೊಪ್ಪು ಕೊಡಬೇಕು. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಭಾರ ಎತ್ತಬಾರದು. ತುಂಬಿದ ಕೊಡ, ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರ್ ಇವನ್ನೆಲ್ಲ ಎತ್ತುವ ಸರದಿ ಈಗ ಮಕ್ಕಳದು. ಸೈಕಲ್, ಸ್ಕೂಟರ್ ಹತ್ತುವ ಮುನ್ನ ವೈದ್ಯರನ್ನು ಕೇಳಬೇಕು. ನಡೆಯುವುದನ್ನು ಮಾತ್ರ ಬಿಡಬಾರದು. ನಡೆದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಕಡಿಮೆ. ಸಂಜೆ ಅಪ್ಪನ ಜೊತೆ ಬೀದಿಯ ಕೊನೆಯವರೆಗೆ ಹೋಗಿಬರುವುದೂ ಒಂದು ಶುಶ್ರೂಷೆ.

ನಾನು ಶಾಲೆಗೆ ಮರಳಿದ್ದು ಎರಡು ತಿಂಗಳ ನಂತರ. ಮೊದಮೊದಲು ಕಪ್ಪು ಪ್ಯಾಂಟು ಬಿಟ್ಟು ಬೇರೆ ಹಾಕುತ್ತಿರಲಿಲ್ಲ. ಬ್ಯಾಗಿನಲ್ಲಿ ಊಟದ ಡಬ್ಬಿಯ ಕೆಳಗೆ ಹಳೆಯ ಪೇಪರಿನಲ್ಲಿ ಸುತ್ತಿದ ಎರಡು ಪ್ಯಾಡ್‌ಗಳಿರುತ್ತಿದ್ದವು. ಸೀಮೆಸುಣ್ಣದ ಧೂಳಿಗೆ ಸೀನು ಬಂದರೆ ಮೇಜು ಹಿಡಿದು ನಿಲ್ಲುತ್ತಿದ್ದೆ. ನಲವತ್ತು ನಿಮಿಷದ ಪೀರಿಯಡ್ ಎಷ್ಟು ಉದ್ದವೆಂದು ತಿಳಿದದ್ದು ಆಗ. ನನ್ನ ಮಗ ಪ್ಯಾಡ್ ಮುಗಿದದ್ದನ್ನು ತಾನೇ ಗಮನಿಸಿ, ಕೇಳದೆ, ಔಷಧಿ ಅಂಗಡಿಯಿಂದ ತಂದಿಡುತ್ತಿದ್ದ. ಅದರ ಬಗ್ಗೆ ನಾವಿಬ್ಬರೂ ದೊಡ್ಡ ಮಾತೇನೂ ಆಡಲಿಲ್ಲ. ಆದರೆ ಅವನಿಗೆ ಗೊತ್ತಿದೆ ಎಂಬುದೇ ನನಗೆ ಅರ್ಧ ಬಲ ಕೊಟ್ಟಿತು. ಹತ್ತನೆಯ ತಿಂಗಳಲ್ಲಿ ಪ್ಯಾಡ್ ಬಿಟ್ಟೆ.

ಇನ್ನೊಂದು ವಿಷಯವನ್ನು ಹಿರಿಯರು ಪಿಸುಮಾತಿನಲ್ಲೂ ಆಡುವುದಿಲ್ಲ. ಗ್ರಂಥಿಯ ಜೊತೆ ವೀರ್ಯಕೋಶಗಳನ್ನೂ ತೆಗೆಯುವುದರಿಂದ ವೀರ್ಯ ಹೊರಬರುವುದು ನಿಲ್ಲುತ್ತದೆ, ಸಹಜವಾಗಿ ಮಕ್ಕಳಾಗುವುದಿಲ್ಲ. ಜನನಾಂಗಕ್ಕೆ ಹೋಗುವ ನರಗಳು ಗ್ರಂಥಿಗೆ ಅಂಟಿಕೊಂಡಂತೆಯೇ ಇರುವುದರಿಂದ ದಾಂಪತ್ಯ ಜೀವನಕ್ಕೂ ಪೆಟ್ಟು ಬೀಳುತ್ತದೆ. ಬಹುಕಾಲ ಇದನ್ನು ವಿಧಿಯೆಂದೇ ತಿಳಿದಿದ್ದರು. 1981ರಲ್ಲಿ ಜಾನ್ಸ್ ಹಾಪ್‌ಕಿನ್ಸ್‌ನ ಪ್ಯಾಟ್ರಿಕ್ ವಾಲ್ಶ್ ಹಾಲೆಂಡಿನ ಲೈಡನ್ ಊರಿಗೆ ಹೋದಾಗ, ಅಲ್ಲಿನ ನಿವೃತ್ತ ಪ್ರಾಧ್ಯಾಪಕ ಪೀಟರ್ ಡಾಂಕರ್ ಸತ್ತು ಹುಟ್ಟಿದ ಶಿಶುವಿನ ದೇಹದಲ್ಲಿ ನರಗಳ ಜಾಡು ಹಿಡಿಯುತ್ತಿದ್ದರು. ವಯಸ್ಕರ ದೇಹದಲ್ಲಿ ಕೊಬ್ಬಿನ ನಡುವೆ ಮರೆಯಾಗುವ ನರಗಳು ಶಿಶುವಿನಲ್ಲಿ ಸ್ಪಷ್ಟವಾಗಿ ಕಂಡವು. ಅವು ಗ್ರಂಥಿಯ ಹೊರಗೆ, ಬದಿಯಲ್ಲಿ ಸಾಗುತ್ತಿದ್ದವು! ಹಾಗಾದರೆ ಅವನ್ನು ಬಿಡಿಸಿ ಉಳಿಸಬಹುದಲ್ಲ ಎಂದು ವಾಲ್ಶ್ ಮರುವರ್ಷ, 1982ರ ಏಪ್ರಿಲ್‌ನಲ್ಲಿ, ನರ ಉಳಿಸುವ ಶಸ್ತ್ರಚಿಕಿತ್ಸೆಯನ್ನು ಮೊದಲಿಗೆ ಮಾಡಿದರು. ಇಂದು ರೋಗದ ಹರವು ಬಿಟ್ಟುಕೊಟ್ಟರೆ ಎಲ್ಲೆಡೆ ಈ ಪ್ರಯತ್ನ ಮಾಡುತ್ತಾರೆ. ಉಳಿದ ನರಗಳೂ ಎಳೆದಾಟದಿಂದ ಬಳಲಿರುತ್ತವೆ. ಚೇತರಿಕೆಗೆ ಎರಡು ವರ್ಷ ಹಿಡಿಯಬಹುದು. ಕೆಲವರಲ್ಲಿ ಪೂರ್ತಿ ಆಗದೆಯೂ ಇರಬಹುದು. ಮಾತ್ರೆ ಮುಂತಾದ ಚಿಕಿತ್ಸೆಗಳಿವೆ. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ವೈದ್ಯರ ಬಳಿ ಹೋಗುವುದು ಒಳ್ಳೆಯದು. ಅಪ್ಪ ಸಣ್ಣ ಮಾತಿಗೆ ರೇಗಿದರೆ, ಸುಮ್ಮನೆ ಕೂತುಬಿಟ್ಟರೆ, ಅದರ ಹಿಂದೆ ಇಂಥದೊಂದು ದುಗುಡ ಇರಬಹುದೆಂದು ದೊಡ್ಡ ಮಕ್ಕಳು ಅರಿತರೆ ಸಾಕು.

ಕ್ಯಾನ್ಸರ್ ಪೂರ್ತಿ ಹೋಯಿತೇ ಎಂದು ತಿಳಿಯಲು ಪಿ.ಎಸ್.ಎ. ಎಂಬ ರಕ್ತ ಪರೀಕ್ಷೆ ಇದೆ. ಪಿ.ಎಸ್.ಎ. ಪ್ರಾಸ್ಟೇಟ್ ಕೋಶಗಳು ತಯಾರಿಸುವ ಪ್ರೋಟೀನು. ಗ್ರಂಥಿ ಹೋದ ಮೇಲೆ ರಕ್ತದಲ್ಲಿ ಉಳಿದದ್ದು ಎರಡು ಮೂರು ದಿನಗಳಿಗೊಮ್ಮೆ ಅರ್ಧಕ್ಕಿಳಿಯುತ್ತದೆ. ವಿಕಿರಣ ಧಾತುಗಳ ಪಾಠದ ಅರ್ಧಾಯುವಿನ ಲೆಕ್ಕವೇ ಇದು. ಅರ್ಧಾಯು ಮೂರು ದಿನವೆಂದುಕೊಂಡರೆ ಮೂವತ್ತು ದಿನಗಳಲ್ಲಿ ಹತ್ತು ಸಲ ಅರ್ಧವಾಗಿ, 1,024ರಲ್ಲಿ ಒಂದು ಪಾಲು ಉಳಿಯುತ್ತದೆ. ಅದಕ್ಕೇ ಒಂದೆರಡು ತಿಂಗಳು ಬಿಟ್ಟು ಪರೀಕ್ಷೆ ಮಾಡಿಸುತ್ತಾರೆ. ಆಮೇಲೆ ಕೆಲವು ತಿಂಗಳಿಗೊಮ್ಮೆ, ಕ್ರಮೇಣ ವರ್ಷಕ್ಕೊಮ್ಮೆ. ಅಂಶ 0.2 ನ್ಯಾನೋಗ್ರಾಂ ಮುಟ್ಟಿ, ಮರುಪರೀಕ್ಷೆಯಲ್ಲೂ ಹಾಗೆಯೇ ಬಂದರೆ ರೋಗ ಮರಳಿರಬಹುದೆಂದು ವೈದ್ಯರು ಎಚ್ಚರಗೊಳ್ಳುತ್ತಾರೆ. ಆಗಲೂ ವಿಕಿರಣ, ಹಾರ್ಮೋನ್ ಚಿಕಿತ್ಸೆಗಳಿವೆ. ವರದಿ ಬರುವ ಹಿಂದಿನ ರಾತ್ರಿ ನನಗೆ ಈಗಲೂ ನಿದ್ದೆ ಸರಿಯಾಗಿ ಬರುವುದಿಲ್ಲ.

ಬಾಗಿಲು ಹಾಕಿಕೊಳ್ಳುವ ತಂದೆಯಂದಿರು ನಮ್ಮಲ್ಲಿ ಮಾತ್ರ ಇಲ್ಲ. ಅಮೆರಿಕದ ರಕ್ಷಣಾ ಸಚಿವರಾಗಿದ್ದ ಲಾಯ್ಡ್ ಆಸ್ಟಿನ್ 2023ರ ಡಿಸೆಂಬರ್ 22ರಂದು ಇದೇ ಕಾಯಿಲೆಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. 2024ರ ಜನವರಿ 1ರಂದು ಸೋಂಕಿನಿಂದ ಮತ್ತೆ ಆಸ್ಪತ್ರೆ ಸೇರಿದರು. ಅವರಿಗೆ ಕ್ಯಾನ್ಸರ್ ಎಂಬುದು ಅವರ ಅಧ್ಯಕ್ಷರಿಗೇ ತಿಳಿದದ್ದು ಜನವರಿ 9ರಂದು! ದೊಡ್ಡ ಗದ್ದಲವಾಯಿತು, ಮುಂದಿನ ತಿಂಗಳು ಅವರು ಬಹಿರಂಗವಾಗಿ ಕ್ಷಮೆ ಕೇಳಿದರು. ಅಷ್ಟು ದೊಡ್ಡ ಸೇನೆಯ ಹೊಣೆ ಹೊತ್ತವರಿಗೂ ಈ ಒಂದು ಮಾತು ಬಾಯಿಂದ ಹೊರಡಲಿಲ್ಲ. ನಮ್ಮ ನಿಮ್ಮ ಮನೆಯ ಹಿರಿಯರ ಸಂಕೋಚವನ್ನು ನಾವು ಬೈಯಬಾರದು, ಸಡಿಲಿಸಬೇಕು.

ಮನೆಯಲ್ಲಿ ಮಾತಾಡಲು ಇನ್ನೊಂದು ಕಾರಣ ಅನುವಂಶೀಯತೆ. ತಂದೆಗೆ ಈ ಕ್ಯಾನ್ಸರ್ ಬಂದಿದ್ದರೆ ಮಗನಿಗೆ ಬರುವ ಸಾಧ್ಯತೆ ಇತರರಿಗಿಂತ ಸುಮಾರು ಎರಡು ಪಟ್ಟು. ಅಂಥವರು 45ರ ಹೊತ್ತಿಗಾದರೂ ವೈದ್ಯರೊಡನೆ ಪಿ.ಎಸ್.ಎ. ಪರೀಕ್ಷೆಯ ಬಗ್ಗೆ ಮಾತಾಡಬೇಕು. ಕೆಲವು ಕುಟುಂಬಗಳಲ್ಲಿ ಬಿ.ಆರ್.ಸಿ.ಎ.2 ಎಂಬ ವಂಶವಾಹಿಯ ದೋಷ ಕಾರಣವಾಗಿರುತ್ತದೆ. ಅದು ಮಗಳಿಗೆ ಬಂದರೆ ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್‌ನ ಅಪಾಯ ಹೆಚ್ಚು. ಆದ್ದರಿಂದ ಇದು ಹೆಣ್ಣುಮಕ್ಕಳೂ ತಿಳಿಯಬೇಕಾದ ವಿಷಯ.

ಈ ಸಲ ಒಂದು ಮನೆಗೆಲಸ ಕೊಡುತ್ತೇನೆ. ಒಂದು ಹಾಳೆಯಲ್ಲಿ ನಿಮ್ಮ ಮನೆತನದ ಮೂರು ತಲೆಮಾರಿನ ವಂಶವೃಕ್ಷ ಬರೆಯಿರಿ. ಒಬ್ಬೊಬ್ಬರ ಹೆಸರಿನ ಮುಂದೆ ಇದ್ದ ಕಾಯಿಲೆ, ಅದು ಬಂದಾಗಿನ ವಯಸ್ಸು ನಮೂದಿಸಿ. ಅಪ್ಪನನ್ನೂ ಅಮ್ಮನನ್ನೂ ಕೇಳಿ. ಶಾಲೆಗೆ ಬೇಕು ಎಂದರೆ ಅವರು ಇಲ್ಲ ಎನ್ನಲಾರರು. ಅಜ್ಜಿಯನ್ನು ಕೇಳಲು ಮರೆಯಬೇಡಿ. ‘ನಿಮ್ಮ ಅಜ್ಜ ಉಚ್ಚೆ ಕಟ್ಟಿ ತೀರಿಕೊಂಡರು’ ಎಂದಷ್ಟೇ ಆಕೆ ಹೇಳಿದರೆ, ಅದನ್ನು ಹಾಗೆಯೇ ಬರೆದುಕೊಳ್ಳಿ. ಮುಂದೆ ಯಾವುದಾದರೂ ವೈದ್ಯರಿಗೆ ಅದೂ ಒಂದು ಸುಳಿವು.