ಸುರಕ್ಷಿತ ದೇಶ ಯಾವುದು?

ಒಂಟಿಯಾಗಿ ಪ್ರಯಾಣಿಸುವ ಸ್ತ್ರೀಯರಿಗೆ ಯಾವ ದೇಶ ಸುರಕ್ಷಿತವೆಂಬ ಪಟ್ಟಿಗಳನ್ನು ಇಂದು ಆಸಕ್ತಿಯಿಂದ ಓದಲಾಗುತ್ತಿದೆ. ಲಿಂಗದಹಳ್ಳಿಯಿಂದ ತರೀಕೆರೆಯ ಕಾಲೇಜಿಗೆ ಬಸ್ಸು ಹತ್ತುವ ಹೆಣ್ಣುಮಗಳ ಕುರಿತು ಆ ಪಟ್ಟಿಗಳು ಏನನ್ನೂ ಹೇಳುವುದಿಲ್ಲ. ಅದಕ್ಕೆ ಉತ್ತರಿಸಬೇಕಾದವರು ನಾವು.

ಹೀರಾದಿಂದ ಹೊರಟ ಸ್ತ್ರೀಯು ಅಲ್ಲಾಹನ ಹೊರತು ಯಾರನ್ನೂ ಭಯಪಡದೆ ಕಅಬಾ ತಲುಪುವಳೆಂದು ಪ್ರವಾದಿ(ಸ)ರು ಅದೀ ಬಿನ್ ಹಾತಿಮ್(ರ)ರಿಗೆ ತಿಳಿಸಿದ್ದರು. ಅದನ್ನು ತಾವು ಕಣ್ಣಾರೆ ಕಂಡುದಾಗಿ ಅದೀ(ರ) ಹೇಳಿರುವುದು ಸಹೀಹ್ ಬುಖಾರಿಯಲ್ಲಿದೆ. ಆ ಹಾದಿಯಲ್ಲಿ ಹಿಂದೆ ತಯ್ಯ್ ಬುಡಕಟ್ಟಿನ ದರೋಡೆಕೋರರಿದ್ದರು. ಇಸ್ಲಾಮ್ ತಿದ್ದಿದ್ದು ಅವರನ್ನು. ಪ್ರಯಾಣಿಕಳನ್ನು ಮನೆಯಲ್ಲಿ ಕೂರಿಸಲಿಲ್ಲ.

ಮಹ್ರಮ್ ಇಲ್ಲದ ಪ್ರಯಾಣದ ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಹನಫೀ ವಿದ್ವಾಂಸರು ಅದನ್ನು ಒಪ್ಪುವುದಿಲ್ಲ. ವಿಶ್ವಾಸಾರ್ಹ ಸ್ತ್ರೀಯರೊಂದಿಗೆ ಕಡ್ಡಾಯ ಹಜ್ಜ್ ನಿರ್ವಹಿಸಬಹುದೆಂಬುದು ಶಾಫಿಈ ನಿಲುವು. 2018ರಿಂದ ಭಾರತ ಸರಕಾರವು 45 ವರ್ಷ ದಾಟಿದ ಸ್ತ್ರೀಯರಿಗೆ ಮಹ್ರಮ್ ಇಲ್ಲದೆ ಹಜ್ಜ್‌ಗೆ ತೆರಳುವ ಅವಕಾಶ ನೀಡಿತು. 2023ರಲ್ಲಿ 4 ಸಾವಿರಕ್ಕೂ ಅಧಿಕ ಸ್ತ್ರೀಯರು ಹಾಗೆ ಹೊರಟರು. ಈ ಚರ್ಚೆಯನ್ನು ಗೌರವಿಸೋಣ. ಆದರೆ ಹೆಣ್ಣಿನ ಪ್ರಯಾಣದ ಬಗ್ಗೆ ಗಂಟೆಗಟ್ಟಲೆ ವಾದಿಸುವವರು, ಬಸ್ ನಿಲ್ದಾಣದಲ್ಲಿ ಅವಳನ್ನು ದಿಟ್ಟಿಸಿ ನಿಲ್ಲುವ ಯುವಕನ ಬಗ್ಗೆ ಮೌನವಾಗಿರುವುದೇಕೆ? ಸೂರಃ ಅನ್ನೂರ್‌ನ 30ನೆಯ ವಚನದಲ್ಲಿ ದೃಷ್ಟಿ ತಗ್ಗಿಸುವ ಆದೇಶವಿರುವುದು ಪುರುಷರಿಗೆ. ಸ್ತ್ರೀಯರಿಗೆ ಅದು ಬರುವುದು 31ರಲ್ಲಿ. ಸಮುದಾಯದ ಚರ್ಚೆಗಳಲ್ಲಿ ಈ ಕ್ರಮವೇ ತಲೆಕೆಳಗಾಗಿದೆ.

ಜುಮುಅ ಖುತ್ಬಾಗಳಲ್ಲಿ ಆ 30ನೆಯ ವಚನ ಮೊಳಗಲಿ. ಎಲ್ಲಿಗೆ ಹೋಗಿದ್ದೆ, ಯಾರೊಂದಿಗಿದ್ದೆ ಎಂದು ಮಗಳನ್ನು ಕೇಳುವ ತಂದೆ ಮಗನನ್ನೂ ಕೇಳಲಿ. ದೂರದ ದೇಶವನ್ನು ಆರಿಸುವ ಮುನ್ನ ನಮ್ಮ ಊರಿನ ರಸ್ತೆಯನ್ನು ನಿರ್ಭಯಗೊಳಿಸೋಣ. ಅದರ ಲೆಕ್ಕವನ್ನು ಅಲ್ಲಾಹನು ನಮ್ಮಿಂದಲೇ ಕೇಳಲಿರುವನು.