ಲೀಸ್ ದುಡ್ಡು ನಿಮಗೆ, ಬಿಸಿಲು ಅವರಿಗೆ

ನಿವೃತ್ತಿಗೆ ಇನ್ನೊಂದೆರಡು ವರ್ಷ ಉಳಿಸಿಕೊಂಡಿರುವ ನಮ್ಮ ಕಡೆಯ ಮೇಷ್ಟ್ರುಗಳೇ, ಬ್ಯಾಂಕಿನವರೇ, ಕೆಇಬಿಯವರೇ, ಸಾರಿಗೆ ಸಂಸ್ಥೆಯವರೇ, ನರ್ಸಮ್ಮಂದಿರೇ, ತಾಲ್ಲೂಕು ಕಚೇರಿಯಲ್ಲಿ ಕಡತ ಕಟ್ಟಿ ಬಿಚ್ಚಿ ಕೂದಲು ನರೆಸಿಕೊಂಡವರೇ, ಮದುವೆ ಊಟದ ಪಂಕ್ತಿಯಲ್ಲಿ ಪಕ್ಕಪಕ್ಕ ಕೂತಾಗ ಈಗ ನೀವೆಲ್ಲ ಆಡುವ ಮಾತು ಒಂದೇ: ರಿಟೈರ್ ಆದ ಮೇಲೆ ಎಲ್ಲಿರೋದು? ತುಮಕೂರಿನಲ್ಲಿ ಥರ್ಟಿ ಫಾರ್ಟಿ ಸೈಟಿದೆ, ಮನೆ ಕಟ್ಟಿದರಾಯಿತು. ಬೆಂಗಳೂರಿನ ಮಗನ ಅಪಾರ್ಟ್‌ಮೆಂಟಿನಲ್ಲಿ ಒಂದು ರೂಮು ನಮಗೆಂದೇ ಬಿಟ್ಟಿದ್ದಾರೆ. ಮೈಸೂರು ತಂಪು, ಆದರೆ ನೆಂಟರಿಷ್ಟರು ದೂರ. ಕೋಸಂಬರಿಯಿಂದ ಹಿಡಿದು ಮಜ್ಜಿಗೆವರೆಗೂ ಇದೇ ಚರ್ಚೆ. ಪಾವಗಡ, ಮಧುಗಿರಿ, ಸಿರಾ, ಕೊರಟಗೆರೆ ತಾಲ್ಲೂಕಿನ ಒಂದು ಹಳ್ಳಿಯ ಹೆಸರೂ ಅದರಲ್ಲಿ ಬರುವುದಿಲ್ಲ. ಬಂದರೂ "ಊರಾ? ಅಲ್ಲೇನಿದೆ ಬಿಡಿ" ಎಂದು ಯಾರೋ ಅನ್ನುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ.

ಅಲ್ಲೇನಿದೆ ಎಂದು ನಾನು ಹೇಳುತ್ತೇನೆ, ಕೇಳಿ. ಕ್ಯಾತಗಾನಚೆರ್ಲನ್ನೇ ತೆಗೆದುಕೊಳ್ಳಿ. ಪಾವಗಡ ತಾಲ್ಲೂಕು ನಾಗಲಮಡಿಕೆ ಹೋಬಳಿಯ ಈ ಊರು, ಪಕ್ಕದ ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು ಸೇರಿ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಇವತ್ತು ಶೇಂಗಾ ಇಲ್ಲ, ಗಾಜಿನ ಫಲಕಗಳಿವೆ. 2,050 ಮೆಗಾವ್ಯಾಟ್ ಸಾಮರ್ಥ್ಯದ ಸೋಲಾರ್ ಪಾರ್ಕು, 'ಶಕ್ತಿ ಸ್ಥಳ'. 2018ರಲ್ಲಿ ಉದ್ಘಾಟನೆಯಾಯಿತು, 2019ರ ಕೊನೆಗೆ ಪೂರ್ತಿಯಾಯಿತು. ಇಲ್ಲಿ ಸರ್ಕಾರ ಜಮೀನು ಕೊಳ್ಳಲಿಲ್ಲ, ಲೀಸಿಗೆ ಪಡೆಯಿತು. ವರ್ಷಕ್ಕೆ ಎಕರೆಗೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಹೆಚ್ಚಳ, 28 ವರ್ಷದ ಕರಾರು. ಮಳೆ ನಂಬಿ ಬಿತ್ತಿ, ಬೀಜದ ದುಡ್ಡೂ ಹುಟ್ಟದೆ ಸಾಲಕ್ಕೆ ಬಿದ್ದಿದ್ದ ಸೀಮೆಯಲ್ಲಿ ಈ ಹಣ ಎಷ್ಟೋ ಮನೆಗಳ ಸಾಲ ತೀರಿಸಿತು, ಹೆಣ್ಣುಮಕ್ಕಳ ಮದುವೆ ಮಾಡಿಸಿತು. ಪಾರ್ಕು ಬರಬಾರದಿತ್ತು ಎಂದು ನಾನು ಹೇಳುವುದಿಲ್ಲ. ಹೇಳಬೇಕಾದದ್ದು ಬೇರೆ ಇದೆ.

ಹತ್ತೆಕರೆ ಕೊಟ್ಟವರಿಗೆ ಮೊದಲ ವರ್ಷವೇ 2,10,000 ರೂಪಾಯಿ. ಆ ಹತ್ತೆಕರೆಯ ವಾರಸುದಾರರಲ್ಲಿ ನೀವೂ ಇದ್ದೀರಿ. ಅಣ್ಣ ತಮ್ಮಂದಿರ ನಡುವೆ ಭಾಗವಾಗಿ ನಿಮ್ಮ ಪಾಲು ನಿಮ್ಮ ಖಾತೆಗೆ ಬಂದು ಬೀಳುತ್ತದೆ. ಮೊಬೈಲಿಗೆ ಮೆಸೇಜು ಬಂದಾಗ ನೀವಿರುವುದು ಸಿದ್ಧಗಂಗೆ ದಾರಿಯ ಬಡಾವಣೆಯಲ್ಲಿ, ಇಲ್ಲವೇ ಪೀಣ್ಯದ ಸಿಗ್ನಲ್ಲಿನಲ್ಲಿ. ಸರಿ, ಅದು ನಿಮ್ಮ ಹಕ್ಕಿನ ಹಣ. ಆದರೆ ಅದೇ ಹೊಲದಲ್ಲಿ ಕಳೆ ಕಿತ್ತವರು, ಶೇಂಗಾ ಬಿಡಿಸಿದವರು, ಬೀಳು ಭೂಮಿಯಲ್ಲಿ ಕುರಿ ಮೇಯಿಸಿದವರ ಹೆಸರಲ್ಲಿ ಪಹಣಿ ಇರಲಿಲ್ಲ. ಪಹಣಿ ಇಲ್ಲದವರಿಗೆ ಲೀಸೂ ಇಲ್ಲ. ತಂತಿಬೇಲಿ ಬಂದ ಮೇಲೆ ಮೇವಿಲ್ಲದೆ ಕುರಿ ಮಾರಿದರು. ಪ್ರಾಯದವರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದರು, ಒಂದಿಷ್ಟು ಜನ ಪಾರ್ಕಿನೊಳಗೆ ಹುಲ್ಲು ಕೀಳಲು, ಫಲಕ ತೊಳೆಯಲು, ಗೇಟು ಕಾಯಲು ಸೇರಿದರು. ಎಲ್ಲಿಗೂ ಹೋಗಲಾಗದವರು ಅರವತ್ತೈದು ದಾಟಿದವರು. ಅವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ 1,200 ರೂಪಾಯಿ. ವರ್ಷಕ್ಕೆ 14,400. ನಿಮ್ಮ ಒಂದೇ ಒಂದು ಎಕರೆ, ನಿಮ್ಮ ಕಾಲು ಸೋಕದೆ ಮಲಗಿರುವ ಎಕರೆ, ಅವರ ಇಡೀ ವರ್ಷದ ಬದುಕಿಗಿಂತ ಹೆಚ್ಚು ದುಡಿಯುತ್ತದೆ!

ಆ 1,200 ಕೂಡ ಸಲೀಸಾಗಿ ಕೈಗೆ ಬರುವುದಿಲ್ಲ. ಒಮ್ಮೆ ಹೆಬ್ಬೆಟ್ಟು ಒತ್ತುವ ಕಡೆ ಹೋಗಿ ನಿಂತು ನೋಡಿ. ಅಜ್ಜಿ ಬರುತ್ತಾಳೆ, ಸೆರಗಿನ ಗಂಟಿನಿಂದ ಆಧಾರ್ ಕಾರ್ಡು ಬಿಚ್ಚುತ್ತಾಳೆ. ಐವತ್ತು ವರ್ಷ ಶೇಂಗಾ ಬಿಡಿಸಿದ ಬೆರಳು, ಗೆರೆ ಸವೆದು ನುಣ್ಣಗಾಗಿದೆ. ಯಂತ್ರ ಒಪ್ಪುವುದಿಲ್ಲ. ಹುಡುಗ ಒದ್ದೆ ಬಟ್ಟೆಯಲ್ಲಿ ಬೆರಳು ಒರೆಸಿ ಮತ್ತೆ ಒತ್ತಿಸುತ್ತಾನೆ. ಆಗಲಿಲ್ಲ. ಬಲಗೈ ಬಿಟ್ಟು ಎಡಗೈ. ತೋರುಬೆರಳು. ಉಂಗುರದ ಬೆರಳು. "ನಾಳೆ ಬಾರಜ್ಜಿ, ಸರ್ವರ್ ಇಲ್ಲ" ಅನ್ನುತ್ತಾನೆ. ಸರ್ವರ್ ಇದೆ, ಬೆರಳಿಲ್ಲ ಎಂದು ಮುಖಕ್ಕೆ ಹೇಳಲಾರದೆ ಆಡಿದ ಮಾತು ಅದು. ಅಜ್ಜಿ ಕಾರ್ಡನ್ನು ಮತ್ತೆ ಗಂಟು ಹಾಕಿಕೊಂಡು ಹೊರಡುತ್ತಾಳೆ. ಇದಕ್ಕೆ ಯಾರಿಗೆ ಅರ್ಜಿ ಕೊಡಬೇಕು, ಯಾವ ಮೇಜಿನ ಮೇಲೆ ಕಡತ ಕೂತಿರುತ್ತದೆ, ಯಾರಿಗೆ ನೆನಪೋಲೆ ಬರೆದರೆ ಅದು ಕದಲುತ್ತದೆ ಎಂಬುದು ಅವಳಿಗೆ ಗೊತ್ತಿಲ್ಲ.

ನಿಮಗೆ ಗೊತ್ತು. ಮೂವತ್ತು ವರ್ಷ ಆ ಮೇಜಿನ ಆಚೆ ಬದಿಯಲ್ಲಿ ಕೂತವರು ನೀವೇ.

ತುಮಕೂರಿನಲ್ಲೋ ಬೆಂಗಳೂರಿನಲ್ಲೋ ನಿವೃತ್ತ ನೌಕರರು ತುಂಬಿರುವ ಬಡಾವಣೆ ನೋಡಿ. ಒಂದು ದಿನ ನೀರು ಬರದಿದ್ದರೆ ಮರುದಿನ ಅರ್ಜಿ ಹೋಗಿರುತ್ತದೆ. ಬೀದಿದೀಪ ಕೆಟ್ಟರೆ ಎಂಜಿನಿಯರ್ ಫೋನಿಗೆ ಕರೆ. ಸಂಘವಿದೆ, ಲೆಟರ್‌ಹೆಡ್ ಇದೆ, ಮೊಹರಿದೆ. ಅಂಥ ಕಡೆ ಇನ್ನೊಬ್ಬ ನಿವೃತ್ತ ಹೆಡ್‌ಮಾಸ್ಟರು ಹೋಗಿ ಸೇರಿಕೊಂಡರೆ ಬೆಳಗಿನ ವಾಕಿಂಗಿಗೆ ಒಬ್ಬರು ಹೆಚ್ಚಾದರು, ಅಷ್ಟೆ. ಅದೇ ಹೆಡ್‌ಮಾಸ್ಟರು ಕ್ಯಾತಗಾನಚೆರ್ಲಿಗೆ ಬಂದರೆ ಐದು ಊರಿನ ಹೆಬ್ಬೆಟ್ಟಿಗೆ ಒಂದು ಸಹಿ ಸಿಕ್ಕಂತೆ. ನಿವೃತ್ತ ನರ್ಸೊಬ್ಬರು ಜಗಲಿಯ ಮೇಲೆ ಕೂತು ಬಿಪಿ ನೋಡಿ, ಮಾತ್ರೆ ತಪ್ಪಿಸಿದವರನ್ನು ಗದರಿದರೆ ಸಾಕು, ಎಷ್ಟೋ ಮನೆಗಳಲ್ಲಿ ಪಾರ್ಶ್ವವಾಯು ಹೊಡೆಯುವುದು ತಪ್ಪುತ್ತದೆ. ನಿಮ್ಮ ಬೆಲೆ ಎಲ್ಲಿ ಹೆಚ್ಚು ಎಂಬುದು ಲೆಕ್ಕ ಬಲ್ಲ ನಿಮಗೆ ಬಿಡಿಸಿ ಹೇಳಬೇಕೆ?

ನೀರು, ಆಸ್ಪತ್ರೆ ಇಲ್ಲದ ಬರದ ಸೀಮೆ ಮುದುಕರಿಗಲ್ಲ ಎನ್ನುತ್ತೀರಿ. ಬೆಂಗಳೂರು ತಾನೇ ಪಿಂಚಣಿದಾರರ ಸ್ವರ್ಗ ಆದದ್ದು ಬರೀ ಹವೆಯಿಂದಲೇ? 1896ರಲ್ಲಿ ಹೆಸರಘಟ್ಟದ ನೀರು ಕೊಳಾಯಿಗೆ ಬಂತು, 1905ರಲ್ಲಿ ಶಿವನಸಮುದ್ರದ ವಿದ್ಯುತ್ತಿನಿಂದ ಬೀದಿದೀಪ ಹತ್ತಿತು. ಬಸವನಗುಡಿ, ಮಲ್ಲೇಶ್ವರಗಳಲ್ಲಿ ಪಿಂಚಣಿದಾರರು ನೆಮ್ಮದಿಯಾಗಿ ಕಾಲು ಚಾಚಿದ್ದು ಆ ನೀರು, ಆ ದೀಪದ ಆಸರೆಯಲ್ಲಿ. ಇವತ್ತು ವಿದ್ಯುತ್ತು ನಮ್ಮೂರ ಹೊಲದಿಂದ ಹೊರಟು ರಾಜ್ಯಕ್ಕೆಲ್ಲ ಹರಿಯುತ್ತಿದೆ. ಪಿಂಚಣಿದಾರರು ಮಾತ್ರ ಈ ಕಡೆ ಮುಖ ಹಾಕುತ್ತಿಲ್ಲ.

ಅಷ್ಟು ದೂರ ಯಾಕೆ, ಗಡಿ ದಾಟಿ ಪೆನುಕೊಂಡೆಯ ಆಚೆ ಹೋಗಿ. ಪುಟ್ಟಪರ್ತಿ ಸಿಗುತ್ತದೆ. ಅದೇ ಬಿಸಿಲು, ಅದೇ ಬಂಡೆ, ಅದೇ ರಾಯಲಸೀಮೆಯ ಕೆಂಪು ನೆಲ. ದೆಹಲಿ, ಮುಂಬಯಿಯವರಷ್ಟೇ ಅಲ್ಲ, ಸಮುದ್ರದಾಚೆಯವರೂ ನಿವೃತ್ತಿಯ ನಂತರ ಅಲ್ಲಿ ಬಂದು ನೆಲೆಸಿದ್ದಾರೆ. ಅವರನ್ನು ಮೊದಲು ಕರೆತಂದದ್ದು ಭಕ್ತಿ, ಒಪ್ಪಿದೆ. ಉಳಿಸಿಕೊಂಡದ್ದರಲ್ಲಿ 1991ರಲ್ಲಿ ಶುರುವಾದ ದೊಡ್ಡಾಸ್ಪತ್ರೆಗೂ, ಕುಡಿಯುವ ನೀರಿಗೂ, ಜೊತೆಗಾರರಿಗೂ ಪಾಲಿದೆ. ಪಾವಗಡ ಪಟ್ಟಣದಲ್ಲೇ ಶ್ರೀ ರಾಮಕೃಷ್ಣ ಸೇವಾಶ್ರಮದ ಸ್ವಾಮಿ ಜಪಾನಂದಜಿ ಕುಷ್ಠ, ಕ್ಷಯದ ರೋಗಿಗಳಿಗೆ, ಕಣ್ಣು ಮಂಜಾದ ಬಡವರಿಗೆ ದಶಕಗಳಿಂದ ಚಿಕಿತ್ಸೆ ನಡೆಸಿಕೊಂಡು ಬಂದಿಲ್ಲವೇ? ಬಿಸಿಲಿನ ಸೀಮೆಯಲ್ಲಿ ಮುಪ್ಪು ಕಳೆಯಲಾಗದು ಎಂಬ ಮಾತು ಸುಳ್ಳು. ಅನುಕೂಲ ಬಂದ ಮೇಲೆ ಬರುತ್ತೇನೆ ಎಂದು ಎಲ್ಲರೂ ಹೊರಗೇ ಕೂತರೆ ಅನುಕೂಲ ಕೇಳುವವರು ಯಾರು?

ನೀರಿನ ತೊಂದರೆ ಮುಚ್ಚಿಡುವಂಥದ್ದಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು. ಪಾವಗಡ ತಾಲ್ಲೂಕಿನ ಎಷ್ಟೋ ಕೊಳವೆಬಾವಿಗಳು ಅದನ್ನು ದಾಟಿವೆ. ಹಲ್ಲಿನ ಮೇಲೆ ಕಂದು ಕಲೆ, ನಲವತ್ತಕ್ಕೇ ಬಗ್ಗದ ಮೊಣಕಾಲು ನೀವೇ ಬಾಲ್ಯದಿಂದ ಕಂಡದ್ದು. ತುಂಗಭದ್ರೆಯ ಹಿನ್ನೀರನ್ನು ಕುಡಿಯಲು ತರುವ ಯೋಜನೆ ಬಂದಿದೆ. ಅದು ಕೊನೆಯ ಓಣಿಯ ಕೊನೆಯ ನಲ್ಲಿಗೆ ದಿನಾ ಬರುತ್ತಿದೆಯೋ ಇಲ್ಲವೋ ಎಂದು ಬರೆದಿಟ್ಟು, ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವ ಮನುಷ್ಯ ಬೇಕು. 2007-08ರಲ್ಲಿ ಮಂಜೂರಾದ ರಾಯದುರ್ಗ–ತುಮಕೂರು ರೈಲು ಮಾರ್ಗ ಇನ್ನೂ ಪೂರ್ತಿಯಾಗಿಲ್ಲ. ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ಬಸ್ಸು ಈಗಲೂ ಆಂಧ್ರದೊಳಗೆ ಹೊಕ್ಕು ಹೊರಡುತ್ತದೆ. ಮೂರು ಕಡೆ ಆಂಧ್ರ ಸುತ್ತಿಕೊಂಡ ತಾಲ್ಲೂಕಿನ ಕೂಗು ರಾಜಧಾನಿಗೆ ತಲುಪುವುದು ಮೊದಲೇ ಕಷ್ಟ. ಕೂಗಬಲ್ಲವರೆಲ್ಲ ಊರು ಬಿಟ್ಟರೆ ಇನ್ನೂ ಕಷ್ಟ.

ಎಲ್ಲರಿಗೂ ಈ ಕರೆ ಅನ್ವಯಿಸುವುದಿಲ್ಲ. ಎದೆಗೆ ಸ್ಟೆಂಟ್ ಹಾಕಿಸಿಕೊಂಡವರು, ವಾರಕ್ಕೆರಡು ಸಲ ಡಯಾಲಿಸಿಸ್ ಬೇಕಾದವರು ದೊಡ್ಡಾಸ್ಪತ್ರೆಯ ಹತ್ತಿರವೇ ಇರಲಿ. ಅವರ ಮೇಲೆ ನನ್ನದೇನೂ ದೂರಿಲ್ಲ.

ಗಂಡಸರಿಗೆ ಇನ್ನೊಂದು ಮಾತು. ಊರಿಗೆ ಹೋಗೋಣ ಎಂದು ನೀವು ಉತ್ಸಾಹದಿಂದ ಹೇಳುವಾಗ ಮನೆಯಾಕೆಯ ಮುಖ ಯಾಕೆ ಬಾಡುತ್ತದೆ ಎಂದು ಯೋಚಿಸಿದ್ದೀರಾ? ನಿಮ್ಮ ಊರು ಅವಳ ಊರಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಅವಳನ್ನು ಕೇಳದೆ ಅಲ್ಲಿಗೆ ಕರೆದೊಯ್ದರು, ಮೂವತ್ತಕ್ಕೆ ಕೇಳದೆ ವರ್ಗಾವಣೆಯ ಹಿಂದೆ ಕರೆದೊಯ್ದಿರಿ. ಅರವತ್ತಕ್ಕಾದರೂ ಕೇಳಿ. ನೀವು ಅರಳಿಕಟ್ಟೆಯಲ್ಲಿ ಕೂತು ಹರಟೆ ಹೊಡೆಯುವುದಕ್ಕೆ ಅವಳು ಒಲೆ ಮುಂದೆ ಕೂತು ಬಂದುಹೋದವರಿಗೆಲ್ಲ ಟೀ ಕಾಸಬೇಕಾದರೆ ಅದು ನಿವೃತ್ತಿ ಆಗುವುದು ನಿಮಗೊಬ್ಬರಿಗೇ. ಮೊದಲು ಮನೆಯೊಳಗೇ ಶೌಚಾಲಯ, ನಿಂತು ಅಡುಗೆ ಮಾಡುವ ಕಟ್ಟೆ, ರಾತ್ರಿ ಕಾಲಿಗೆ ಎಡವದಂಥ ಬೆಳಕು ಮಾಡಿಸಿ. ಆಮೇಲೆ ಕೇಳಿ.

ಕಾಲೊನಿಯಿಂದ ಓದಿ ಹೊರಟು ಸಾಹೇಬರಾದವರ ವಿಷಯದಲ್ಲಿ ನನ್ನ ಬಾಯಿ ಕಟ್ಟುತ್ತದೆ. ಹೋಟೆಲಿನ ಹೊರಗೆ ನಿಂತು ಲೋಟ ಹಿಡಿದ ನೆನಪಿರುವವರಿಗೆ 'ಬನ್ನಿ, ಊರು ಕಾಯುತ್ತಿದೆ' ಎನ್ನಲು ನನಗೆ ಯಾವ ಮುಖವಿದೆ? ಅವರ ಬಳಿಗೆ ಊರೇ ಎದ್ದು ಹೋಗಬೇಕು. ಗುಡಿಯ ಬಾಗಿಲು, ಬಾವಿಯ ಕಟ್ಟೆ, ಪಂಚಾಯಿತಿಯ ಕುರ್ಚಿ ಎಲ್ಲವನ್ನೂ ಸರಿ ಮಾಡಿಕೊಂಡು ಹೋಗಬೇಕು. ಮೇಲುಜಾತಿಯವರಾಗಿ ಹಿಂತಿರುಗುವ ನಿಮ್ಮ ಮೊದಲ ವರ್ಷದ ಕೆಲಸ ಅದೇ ಆದರೂ ಸಾಕು.

ಇನ್ನು ಅಪ್ಪ ಅಮ್ಮ ಇನ್ನೂ ಊರಲ್ಲೇ ಇರುವವರು. ಹಬ್ಬಕ್ಕೆ ಹೋದಾಗ ಹೊಸ್ತಿಲಲ್ಲೇ ಅವರು ಒಂದೇ ಉಸಿರಿಗೆ ಎರಡು ಪ್ರಶ್ನೆ ಕೇಳುತ್ತಾರೆ: "ಯಾವಾಗ್ ಬಂದ್ಯಪ್ಪ? ಯಾವಾಗ್ ಹೋಗ್ತೀಯ?" ಅವರನ್ನು ಬೆಂಗಳೂರಿನ ಮೂರನೇ ಮಹಡಿಗೆ ತಂದು, ತೆಲುಗು ಬೆರೆತ ಅವರ ಕನ್ನಡಕ್ಕೆ ಮಾತಾಡುವ ಜೀವ ಇಲ್ಲದಂತೆ ಮಾಡಿ, ನೋಡಿಕೊಳ್ಳುತ್ತಿದ್ದೇವೆ ಅನ್ನಬೇಡಿ. ಲೀಸ್ ಹಣ ಸಲೀಸಾಗಿ ಬರಲೆಂದು ಜಮೀನನ್ನು ತಮ್ಮ ಹೆಸರಿಗೆ ಬರೆಸಿಕೊಂಡು, ಹೆತ್ತವರಿಗೆ ಔಷಧಿಗೂ ಕಾಸು ಕೊಡದಿರುವವರೂ ನಮ್ಮ ನಡುವೆ ಇದ್ದಾರೆ. ಅಂಥವರಿಗಾಗಿ ಇರುವುದು 2007ರ ಹಿರಿಯ ನಾಗರಿಕರ ಕಾಯ್ದೆ. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ರದ್ದು ಮಾಡಿಸಬಹುದು. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ನೋಟಿಸು ತಲುಪಿದ 90 ದಿನದೊಳಗೆ ತೀರ್ಮಾನವಾಗಬೇಕು. ಪಾವಗಡ, ಮಧುಗಿರಿ, ಸಿರಾ, ಕೊರಟಗೆರೆ, ಈ ನಾಲ್ಕೂ ತಾಲ್ಲೂಕಿನವರು ಹೋಗಬೇಕಾದದ್ದು ಮಧುಗಿರಿಯ ಉಪವಿಭಾಗಾಧಿಕಾರಿಯ ಬಳಿಗೆ. ವಕೀಲರೂ ಬೇಕಿಲ್ಲ. ಇದನ್ನು ಊರಿನ ಮುದುಕರಿಗೆ ಓದಿ ಹೇಳುವವರು ಇಲ್ಲದಿರುವುದರಿಂದಲೇ ಕೆಲವು ಮಕ್ಕಳು ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಿದ್ದಾರೆ.

ಕಡೆಯದಾಗಿ ನಿಮ್ಮ ಸ್ವಾರ್ಥದ ಮಾತೇ ಆಡುತ್ತೇನೆ. ಕರಾರು 28 ವರ್ಷದ್ದು. 2040ರ ದಶಕದ ನಡುವೆ ಜಮೀನು ವಾಪಸ್ ಬರಬೇಕು. ಅರವತ್ತಕ್ಕೆ ಸಹಿ ಹಾಕಿದ ಅಪ್ಪನಿಗೆ ಆಗ ಎಂಬತ್ತೆಂಟು. ಬದು ಹೋಗಿವೆ, ಗುರುತಿನ ಹುಣಸೆ ಮರ ಹೋಗಿದೆ, ಯಾರ ಹೊಲ ಎಲ್ಲಿಗೆ ಮುಗಿಯುತ್ತಿತ್ತು ಎಂಬುದು ಒಂದಷ್ಟು ಮುದುಕರ ತಲೆಯಲ್ಲಿ ಮಾತ್ರ ಉಳಿದಿದೆ. ಬೆಂಗಳೂರಿನಲ್ಲಿ ಹುಟ್ಟಿದ ನಿಮ್ಮ ಮಗ ಬಂದು ಸರ್ವೇಯರನ ಸರಪಳಿಯ ಹಿಂದೆ ಓಡಾಡಿ ಗಡಿ ತೋರಿಸುತ್ತಾನೆಯೇ? ಎಷ್ಟೋ ಮನೆಗಳಲ್ಲಿ ಪೌತಿ ಖಾತೆಯೇ ಆಗಿಲ್ಲ, ತೀರಿಹೋದ ತಾತನ ಹೆಸರಲ್ಲೇ ಪಹಣಿ ಇದೆ. ಹಿರಿಯರು ಇರುವಾಗಲೇ ಅವರ ಜೊತೆ ಬೇಲಿಯುದ್ದಕ್ಕೂ ನಡೆದು, ಹಳೆಯ ಟಿಪ್ಪಣಿ, ನಕ್ಷೆ, ಕರಾರಿನ ನಕಲು ಒಂದೆಡೆ ಕೂಡಿಸಿ, ಸರ್ವೆ ನಂಬರ್ ಪ್ರಕಾರ ಬರೆದಿಡಬೇಕು. ಅದು ರಜೆಯ ಮೇಲೆ ಬಂದು ಮುಗಿಸುವ ಕೆಲಸವಲ್ಲ, ವರ್ಷಗಟ್ಟಲೆ ಹಿಡಿಯುತ್ತದೆ.

ಆದ್ದರಿಂದ ಸೈಟಿನ ಅಡ್ವಾನ್ಸ್ ಕೊಡುವ ಮುಂಚೆ ಒಂದು ವರ್ಷ ಊರಿನ ಮನೆಯ ಬೀಗ ತೆಗೆದು ಇದ್ದು ನೋಡಿ. ಇರಲಾಗದಿದ್ದರೆ ಲೀಸ್ ಹಣದ ಒಂದು ಪಾಲನ್ನಾದರೂ ಅಲ್ಲೇ ಬಿಡಿ: ಪಹಣಿ ಇಲ್ಲದ ಹಿರಿಯರ ಔಷಧಿಗೆ, ವಾರಕ್ಕೊಮ್ಮೆ ಪಾವಗಡದ ಆಸ್ಪತ್ರೆಗೆ ಹೋಗಿಬರುವ ಆಟೋ ಬಾಡಿಗೆಗೆ. ಇರಲು ಒಪ್ಪಿದವರು ಮುಂದಿನ ಗ್ರಾಮಸಭೆಗೇ ಬನ್ನಿ. ಹೆಬ್ಬೆಟ್ಟು ಹೊಂದದೆ ಪಿಂಚಣಿ ನಿಂತವರ ಪಟ್ಟಿ ಮಾಡುವುದು ಮೊದಲ ಕೆಲಸ. ಓದುವ ಕನ್ನಡಕ, ನಾಲ್ಕು ಬಿಳಿ ಹಾಳೆ ತನ್ನಿ. ಅರ್ಜಿ ಬರೆಯುವ ಕ್ರಮ ನಿಮಗೆ ಯಾರೂ ಹೇಳಿಕೊಡಬೇಕಿಲ್ಲ.